ಹಲ್ಲಿನ ಲೆಕ್ಕ

ಪೈಸಾಂದೂ ಊರಲ್ಲಿ, ಹೊಳೆಯಾಚೆ ಅರ್ಜೆಂಟೀನಾ ಕಾಣುವ ಕಡೆ,
ತೊಗಲಿನ ಕಾರ್ಖಾನೆಯ ಬೆನ್ನಿಗೆ ಒಂದು ತಗಡಿನ ಷೆಡ್ಡು.
ಅಲ್ಲಿ ದೆಲ್ಮೀರಾ ಸುನೀನೋ ಸ್ಟೀರಿಂಗ್ ಎರಕ ಹೊಯ್ಯುತ್ತಾಳೆ,
ನಾನು ರಾಳ ಕಲಸುತ್ತೇನೆ, ಬೈಸಿಕೊಳ್ಳುತ್ತೇನೆ.

ಹಳೇ ಕಾರು ಸಿಗುತ್ತದೆ.
ಕೋಳಿ ಮೊಟ್ಟೆಯಿಟ್ಟ ಬಾನೆಟ್ಟು, ದನ ಮೈ ತಿಕ್ಕಿ
ನುಣುಪಾದ ಮಡ್‌ಗಾರ್ಡು, ಎಲ್ಲ ಸಿಗುತ್ತದೆ.
ಸಿಗದ್ದು ಸ್ಟೀರಿಂಗು.
ಬಿಸಿಲಿಗೆ ಒಡೆದು, ಬೆವರಿಗೆ ಸವೆದು,
ರಬ್ಬರೆಲ್ಲ ಹಕ್ಕಳೆಯೆದ್ದು ಉದುರಿ
ಉಳಿಯುವುದು ಕಬ್ಬಿಣದ ಒಂದು ಬಳೆ.
ಅದಕ್ಕೂ ಯಾರೋ ಟೊಮೇಟೊ ಬಳ್ಳಿ ಹಬ್ಬಿಸಿರುತ್ತಾರೆ.

ಗಿಚೋನಿನ ಎಲಾದಿಯೋ ಬೆರ್ರೂತಿಯದು ಮಾತ್ರ ಇಡಿಯಾಗಿತ್ತು,
ಇಪ್ಪತ್ತೊಂಬತ್ತರ ಹಡ್ಸನ್ನಿನದು.
ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.
‘ನಲವತ್ತು ದಿನ. ಒಂದು ಹೆಚ್ಚಾದರೂ ಆಗದು.
ಚಕ್ರವಿಲ್ಲದ ಕಾರು ಎದುರಿಗಿದ್ದರೆ
ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ನನಗೆ.’

ದೆಲ್ಮೀರಾ ನಡುಗುಂಬದ ಹಲ್ಲು ಎಣಿಸಿದಳು, ಮೂವತ್ತಾರು.
ಮತ್ತೆ ಎಣಿಸಿದಳು.
ಒಂದು ಹಲ್ಲು ಆಚೀಚೆಯಾದರೆ
ಕಾರು ನೇರ ಹೋಗುತ್ತಿರುತ್ತದೆ, ಚಕ್ರ ಸೊಟ್ಟ ನೋಡುತ್ತಿರುತ್ತದೆ,
ಅವಳ ಮೊದಲ ಗಂಡನ ಹಾಗೆ.

ಬಿರುಕಿಗೆ ಮೇಣ ತುಂಬಿದೆವು. ಮೇಲೆ ಸಿಲಿಕೋನು ಸುರಿದೆವು,
ಅಚ್ಚು ಎರಡು ಹೋಳಾಗಿ ಬಿಡಿಸಿಕೊಂಡಿತು, ಹಣ್ಣಿನ ಸಿಪ್ಪೆಯಂತೆ.
ಕಪ್ಪು ಅಂದರೆ ಬರೀ ಕಪ್ಪಲ್ಲ, ಅಂದಳು.
ಒಂದು ಹನಿ ಕಂದು, ಉಗುರಿನ ತುದಿಯಷ್ಟು ಹಸಿರು,
ಆಗ ಅದು ಹಳೇ ರಬ್ಬರಿನ ಕಪ್ಪು.
ಪಂಪು ಗಾಳಿ ಹೀರುವಷ್ಟು ಹೊತ್ತು
ನಾವು ಸೋರೆಬುರುಡೆಯಿಂದ ಕಹಿ ಮಾತೆ ಹೀರಿದೆವು.

ಮೂವತ್ತು ದಿನಕ್ಕೆ ನಾಲ್ಕು ಚಕ್ರ.
ಒಂದು ರೊಸಾರಿಯೋಗೆ, ಒಂದು ಡೆನ್ಮಾರ್ಕಿಗೆ, ಒಂದು ಸಾಲ್ತೋಗೆ,
ಒಂದು ನನ್ನ ಅವಸರಕ್ಕೆ ಗುಳ್ಳೆ ಬಿದ್ದು ಮೂಲೆಗೆ.

ಸಾಲ್ತೋದಿಂದ ಕಾಗದ ಬಂತು:
‘ಎರಕದಲ್ಲಿ ದೋಷವಿದೆ. ಚಕ್ರದ ಬುಡ, ಒಳಮೈ, ನಾಲ್ಕು ಕುಳಿ.
ನಾನು ಹಲ್ಲಿನ ಡಾಕ್ಟರು, ಹಾಗಾಗಿ ಹೇಳುತ್ತೇನೆ:
ಕೆಳದವಡೆಯ ಬಾಚಿಹಲ್ಲು. ಹಾಲುಹಲ್ಲು.
ಮಗುವಿಗೆ ಮೂರು ವರ್ಷವಿದ್ದೀತು.
ನಿಮ್ಮ ಷೆಡ್ಡಿನಲ್ಲಿ ಮಕ್ಕಳನ್ನು ಬಿಡುತ್ತೀರಾ?’

ಅಸಲಿಯ ಒಳಮೈಗೆ ದೆಲ್ಮೀರಾ ಹೆಬ್ಬೆರಳು ಸವರಿದಳು.
ಇತ್ತು. ನಾಲ್ಕೂ ಇದ್ದವು.
ಮೂವತ್ತಾರು ಎಣಿಸಿದವಳಿಗೆ ಈ ನಾಲ್ಕು ಕಂಡಿರಲಿಲ್ಲ.
ಬೈಗುಳ ನನಗೇ ಬಿತ್ತು.

ನಲವತ್ತನೇ ದಿನ, ಬೆಳಿಗ್ಗೆ ಎಂಟಕ್ಕೇ, ಮುದುಕ ಬಂದ.
ಕೇಳಿದ್ದಕ್ಕೆ ಮಾತಿಲ್ಲ. ಬಾಯಿಗೆ ಕೈ ಹಾಕಿ
ಮೇಲಿನದೊಂದು, ಕೆಳಗಿನದೊಂದು
ಕಟ್ಟಿಸಿದ ಹಲ್ಲು ತೆಗೆದು ಅಂಗೈಯಲ್ಲಿಟ್ಟುಕೊಂಡು
ನಕ್ಕ.
ಬೊಚ್ಚುಬಾಯಲ್ಲಿ ಮಾತು ಅರ್ಧ ಗಾಳಿ:
‘ಅಪ್ಪನ ತೊಡೆ. ಜನವರಿ ಬಿಸಿಲಿಗೆ ರಬ್ಬರು ಮೆತ್ತಗೆ.
ಗುಂಡಿ ಬಂದಾಗಲೆಲ್ಲ ಕಚ್ಚಿ ಹಿಡಿಯುತ್ತಿದ್ದೆ.
ಅಪ್ಪನ ಕೈ ಮೇಲೆ, ನನ್ನ ಬಾಯಿ ಕೆಳಗೆ,
ಕಾರು ಇಬ್ಬರೂ ಓಡಿಸುತ್ತಿದ್ದೆವು ಅಂತಲೇ ನನ್ನ ನಂಬಿಕೆ.
ನನ್ನವು ಅಂತ ಉಳಿದಿರೋದು ಈ ನಾಲ್ಕೇ.’

ಆಮೇಲೆ ಕೇಳಿದ, ಎಷ್ಟು ಚಕ್ರ ಆಯಿತು?
ಬೆರಳು ಮಡಚಿ ಕೂಡಿಸಿದ,
ಮೂಲೆಯ ಕೆಟ್ಟದ್ದನ್ನೂ ಬಿಡಲಿಲ್ಲ.
ಹದಿನಾರು. ಅಸಲಿದು ಸೇರಿ ಇಪ್ಪತ್ತು.
‘ಬಾಯಿ ತುಂಬ ಹಾಲುಹಲ್ಲು!’ ಅಂದ,
‘ಒಂದು ಡೆನ್ಮಾರ್ಕಿನಲ್ಲಿ ಏನು ಕಚ್ಚುತ್ತಿದೆಯೋ.’
ಕಂಬಳಿ ಸುತ್ತಿಕೊಂಡು ಹತ್ತರ ಬಸ್ಸಿಗೆ ಹೋದ.

ದೆಲ್ಮೀರಾ ಬ್ಲೇಡು ತಗೊಂಡಳು.
ಚಕ್ರದಲ್ಲಿ ಕುಳಿಯಾದದ್ದು ಅಚ್ಚಿನಲ್ಲಿ ಉಬ್ಬು.
ಕತ್ತರಿಸುವ ಮುಂಚೆ ಒಂದು ಬೀಡಿ ಸೇದಿದಳು,
ಬಿಟ್ಟಿದ್ದ ಬೀಡಿ.
‘ದುಡ್ಡು ಕೊಡೋರು ಅವರು’ ಅಂದಳು, ನಾನೇನೂ ಕೇಳದಿದ್ದರೂ.

ಐದನೆಯ ಚಕ್ರ ನುಣ್ಣಗೆ ಬಂತು. ಯಾರೂ ದೂರಲಿಲ್ಲ.
ಸಾಲ್ತೋದ ಡಾಕ್ಟರಿಗೆ ಬದಲಿ ಕಳಿಸುತ್ತೇವೆಂದು ಬರೆದೆವು;
ಬೇಡ, ಇರಲಿ, ಎಂದು ಒಂದೇ ಸಾಲಿನ ಉತ್ತರ.

ಅಕ್ಕಿಕಾಳಿನಷ್ಟು ನಾಲ್ಕು ಸಿಲಿಕೋನು ಚೂರು ನನ್ನ ಬಳಿ ಉಳಿದವು.
ಇಲ್ಲಿ ಬಿದ್ದ ಹಲ್ಲು ಇಲಿಗೆ ಸೇರಬೇಕು,
ದಿಂಬಿನಡಿ ಇಟ್ಟರೆ ಇಲಿ ಬಂದು ಒಯ್ದು ಕಾಸಿಡುತ್ತದೆ.
ಷೆಡ್ಡಿನಲ್ಲಿ ದಿಂಬೆಲ್ಲಿ?
ರಾಳದ ಡಬ್ಬಿಯ ಮುಚ್ಚಳದಲ್ಲಿಟ್ಟು ಬಾಗಿಲೆಳೆದುಕೊಂಡೆ.
ಬೆಳಿಗ್ಗೆ ಮೂರಿದ್ದವು.