ಆರೂವರೆ ಗುಂಟೆ

ಸುವರ್ಣ ಮಹೋತ್ಸವದ ಪುಸ್ತಕಕ್ಕೆ
ಮೊದಲ ಗುರುಗಳ ಫೋಟೋ ಬೇಕಂತೆ.
ನನ್ನ ಹತ್ತಿರ ಇರುವುದು ಒಂದೇ,
ಅದರಲ್ಲೂ ಬರೀ ಬೆನ್ನು.
ಕಲ್ಲು ಹೇರಿದ ಗಾಡಿಯನ್ನು ಬಗ್ಗಿ ನೂಕುತ್ತಿದ್ದಾರೆ,
ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿದೆ,
ದೂರದಲ್ಲಿ ಬೆರಳಿನಿಂದ ಒರೆಸಿದ ಹಾಗೆ ನಂದಿಬೆಟ್ಟ.
ಗಾಡಿಯ ಮೇಲೆ ಕೂತು ಹಲ್ಲು ಕಿರಿಯುತ್ತಿರುವ
ಒಂಬತ್ತು ವರ್ಷದ ಹುಡುಗಿ ನಾನು.

ಸ್ತನಿಸ್ಲಾಸ್ ಎಂದು ಅವರ ಹೆಸರು.
ನಮ್ಮ ನಾಲಿಗೆಗೆ ಅದು ಹತ್ತಲಿಲ್ಲ,
ತಾನಿಸ್ಲಪ್ಪ ಎಂದೆವು.
ತಿದ್ದಲಿಲ್ಲ. ರಿಜಿಸ್ಟರಿನಲ್ಲಿ ಒಮ್ಮೆ
ಹಾಗೇ ಸಹಿ ಹಾಕಿದ್ದಾರೆ.

ಶಿಡ್ಲಘಟ್ಟದ ಬಸ್ಸಿನಲ್ಲಿ ಬಂದರು,
ಮೇಲೆ ಗೂಡಿನ ಚೀಲಗಳ ನಡುವೆ ತಗಡಿನ ಪೆಟ್ಟಿಗೆ.
ಹದಿನೇಳು ಮನೆ ನಾವು. ಗುಡಿಯಿಲ್ಲ, ಗಂಟೆಯಿಲ್ಲ.
ಮೊದಲ ಪೂಜೆ ಚೌರಪ್ಪನ ಹುಳುಮನೆಯಲ್ಲಿ.
ನಾಲ್ಕನೇ ಜ್ವರ ಎದ್ದ ಹುಳು,
ತಟ್ಟೆ ತಟ್ಟೆಯಲ್ಲೂ ಸೊಪ್ಪು ಮೇಯುವ ಸದ್ದು.
ಸುಮ್ಮನಿರಿ ಎಂದರು ಸ್ವಾಮಿಗಳು.
ನಾವು ಸುಮ್ಮನಿದ್ದೆವು, ಹುಳುಗಳು ಇರಲಿಲ್ಲ.
ರೊಟ್ಟಿ ಎತ್ತಿ ಹಿಡಿದವರೇ
ಮೂರು ಸಲ ಸೀನಿದರು.

ಕಂಠವೂ ಅಷ್ಟಕ್ಕಷ್ಟೆ. ಹಾಡಲು ಹೊರಟರೆ
ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.
ಕೋಪ ಬೇರೆ. ಉಪದೇಶಿ ಇನ್ನಾಸಪ್ಪನ ಮೇಲೆ
ಕನ್ನಡಕದ ಡಬ್ಬಿ ಬೀಸಿದ ದಿನ
ರಾತ್ರಿ ಅವನ ಮನೆಗೇ ಹೋಗಿ ಎರಡು ಮುದ್ದೆ ಉಂಡರು,
ತಪ್ಪಾಯ್ತು ಎಂಬ ಮಾತು ಆಡದೆ.

ಬಿಷಪ್ಪರು ಗುಡಿಗೆಂದು ಕೊಟ್ಟ ದುಡ್ಡಿನಲ್ಲಿ
ಅವರು ಕೊಂಡದ್ದು ಸಮಾಧಿಗೆ ನೆಲ.
ಬಂಡೆಯ ಮಗ್ಗುಲಲ್ಲಿ ಆರೂವರೆ ಗುಂಟೆ,
ಹಿಪ್ಪುನೇರಳೆಯೂ ಹಿಡಿಯದ ಸುದ್ದೆಮಣ್ಣು.
ಎಲ್ಲರೂ ಗೊಣಗಿದರು, ಅಪ್ಪ ಮಾತ್ರ ಎದುರಿಗೇ ಕೇಳಿದ:
"ಬದುಕಿರೋರಿಗೆ ಸೂರಿಲ್ಲ,
ಸತ್ತೋರಿಗೆ ಬೇಲಿ ಯಾಕೆ ಸ್ವಾಮಿ?"

"ಪೂಜೆ ಹುಣಸೆಮರದ ಕೆಳಗೂ ಆಗ್ತದೆ, ರಾಯಪ್ಪ.
ನಿನ್ನ ಕೂಸನ್ನ ಎಲ್ಲಿ ಮಲಗಿಸಿದೆ, ಹೇಳು."

ಅಪ್ಪ ಹೇಳಲಿಲ್ಲ.
ನನಗೆ ಗೊತ್ತಿತ್ತು. ಕೆರೆಕೋಡಿಯ ಆಚೆ,
ಲಾಟೀನೂ ಇಲ್ಲದೆ, ರಾತ್ರಿ,
ಎರಡು ಊರಿನವರು ಇಲ್ಲಿ ಬೇಡ ಎಂದ ಮೇಲೆ.
ನನ್ನ ತಮ್ಮ. ಹೆಸರಿಡುವುದಕ್ಕೂ ಮುಂಚೆ.

ಆ ಜಾಗ ಆಮೇಲೆ ಅಪ್ಪನಿಗೂ ಸಿಗಲಿಲ್ಲ.
ನೀರು ಬಂದಿತ್ತು, ಹೋಗಿತ್ತು.
ಹೊಸ ನೆಲದಲ್ಲಿ ಅವನಿಗೊಂದು ಕಲ್ಲು ನೆಟ್ಟರು.
ಫೋಟೋದ ಗಾಡಿಯ ಮೇಲೆ ಇರುವುದು ಅದೇ.
ನಾನು ಕೂತಿರುವುದು ಅದರ ಮೇಲೆ.

ಏಳನೇ ವರ್ಷ ವರ್ಗವಾಯಿತು.
ಗುಡಿಯ ಗೋಡೆ ಇನ್ನೂ ಕಿಟಕಿಮಟ್ಟ.
ಮುಗಿಸಿದವರ ಹೆಸರು ಬಾಗಿಲ ಮೇಲೆ ಅಮೃತಶಿಲೆಯಲ್ಲಿದೆ.
ಇವರು ಬೆಂಗಳೂರಿನಲ್ಲಿ ತೀರಿಕೊಂಡು
ಗುರುಗಳ ಸಾಲಿನಲ್ಲಿ, ಒಂದೇ ಅಳತೆಯ ಶಿಲುಬೆಗಳ ನಡುವೆ
ಮಲಗಿದ್ದಾರೆ. ಎರಡು ಸಲ ಹೋಗಿದ್ದೆ,
ಎರಡು ಸಲವೂ ಹುಡುಕಬೇಕಾಯಿತು.

ಇಲ್ಲಿ ತಮ್ಮನ ಕಲ್ಲಿನ ಪಕ್ಕ
ಒಂದಾಳಿನ ಜಾಗ ಹಾಗೇ ಉಳಿದಿತ್ತು.
ಯಾರೂ ಕೂತು ತೀರ್ಮಾನಿಸಿದ್ದಲ್ಲ,
ಗುಣಿ ತೋಡುವ ಸಗಾಯಪ್ಪ
ಹಾರೆಯನ್ನು ಅತ್ತ ಒಯ್ಯುತ್ತಿರಲಿಲ್ಲ, ಅಷ್ಟೆ.

ಹೋದ ಗುರುವಾರ, ಫಿಲೇಚರಿಗೆ ಕೆಲಸಕ್ಕೆ ಬಂದ
ಒಡಿಶಾದ ಹುಡುಗಿಯ ಎಂಟು ದಿನದ ಕೂಸು.
ಯಾವ ಜನ, ಯಾವ ದೇವರು
ಎಂದು ಯಾರೂ ಕೇಳಲಿಲ್ಲ.
ಸುಳ್ಳು ಯಾಕೆ, ಇಬ್ಬರು ಕೇಳಿದರು.
ಅವಳಿಗೆ ನಮ್ಮ ಮಾತು ಬಾರದು,
ಬಿಸಿನೀರಿನಲ್ಲಿ ಎಳೆ ಹುಡುಕಿ ಬಿಳುಚಿದ ಬೆರಳು
ಬಟ್ಟೆಗಂಟನ್ನು ಬಿಡುತ್ತಿರಲಿಲ್ಲ.
ಉಳಿದ ಕಡೆಯೆಲ್ಲ ಬಂಡೆ.
ಸಗಾಯಪ್ಪ ನನ್ನ ಮುಖ ನೋಡಿದ.
ತೋಡು, ಎಂದೆ.

ಪುಸ್ತಕದವರು ನಿನ್ನೆ ಫೋನು ಮಾಡಿದ್ದರು,
ಕಳಿಸಿದ ಫೋಟೋದಲ್ಲಿ ಮುಖವೇ ಕಾಣುವುದಿಲ್ಲವಲ್ಲ ಎಂದು.
ಅಲ್ಲಿ ಏರು ಇತ್ತು,
ಗಾಡಿ ಬಿಟ್ಟು ತಿರುಗುವ ಹಾಗಿರಲಿಲ್ಲ, ಎಂದೆ.