ಮೇಲಿನಿಂದ ಕೆಳಕ್ಕೆ

ಹಟ್ಟಿಯ ಗಣಿಯಲ್ಲಿ ನನ್ನದು ದೀಪದ ಕೋಣೆ.
ಇಳಿಯುವವರ ಹಿತ್ತಾಳೆ ಬಿಲ್ಲೆ ಇಸಕೊಂಡು ಮೊಳೆಗೆ ಹಾಕುವುದು,
ಹಣೆಗೆ ಲೈಟು ಕೊಡುವುದು.
ಏರಿ ಬಂದರೆ ಲೈಟು ಇಸಕೊಂಡು ಬಿಲ್ಲೆ ಮರಳಿಸುವುದು.
ನಡುವೆ ಎಂಟು ತಾಸು.

ಅಷ್ಟು ಹೊತ್ತಿಗೆ ಪೇಪರಿನ ಕೊನೆಯ ಪುಟ,
ಮೂಲೆಯಲ್ಲಿ ಮುಷ್ಟಿಯಷ್ಟು ಪದಬಂಧ.
ಅದು ತುಂಬಿದರೆ ಮುಗಿಯಿತು.
ನನ್ನ ಗೋಡೆಯದು ಖಾಲಿಯಾದರೆ.

ಎಡದಿಂದ ಬಲಕ್ಕೆ ಯಾರಾದರೂ ಹೋದಾರು,
ಲಿಂಗಸುಗೂರು ಬಸ್ಸೂ ಹೋಗುತ್ತದೆ.
ಮೇಲಿನಿಂದ ಕೆಳಕ್ಕೆ ನಮ್ಮವರ ದಾರಿ.

‘ಬಾಲ ಕಡಿದ ಲೆಕ್ಕದ ಪಾಠ, ಒಳಗೆ ಕತ್ತಲೆ’ –
ಇದಕ್ಕೆ ನಾನು ತಲೆ ಕೆರೆಯಲೇ ಇಲ್ಲ.
ಹತ್ತನೆಯ ಇಯತ್ತೆಯಲ್ಲಿ ಗಣಿತ ಮೂರು ಸಲ ಹೋಯಿತು,
ಮೂರನೆಯ ಸಲಕ್ಕೆ ತ ಉದುರಿ ಗಣಿ ಉಳಿಯಿತು.
ಅಪ್ಪ ಅದನ್ನೇ ನೌಕರಿ ಎಂದ.

‘ಹಿಂದುಮುಂದಾದರೂ ಬದಲಾಗದ ಬಂಗಾರ’ ಕನಕ.
ನಡುವಿನ ನ-ಗೆ ಎರಡೂ ಕಡೆ ಕ ಕಾವಲು,
ನಮ್ಮ ಗೇಟಿನಲ್ಲಿ ಜೇಬು ತಡವುವವರ ಹಾಗೆ.

ಬಿಡಿಸಲಾಗದ್ದನ್ನು ಇಳಿಸಿಬಿಡುತ್ತೇನೆ.
ಲೈಟಿನ ಜೊತೆ ಒಂದು ಸುಳಿವು.
ಎರಡು ಸಾವಿರ ಅಡಿ ಕೆಳಗೆ
ಸಿಡಿಮದ್ದಿನ ಹೊಗೆ ಕರಗುವತನಕ
ಬುತ್ತಿ ಬಿಚ್ಚಿ ಕೂತವರು ಅದನ್ನೂ ಒಡೆಯುತ್ತಾರೆ.
ಟನ್ನು ಕಲ್ಲಿಗೆ ಎರಡೋ ಮೂರೋ ಗ್ರಾಂ ತೆಗೆಯುವ ಮಂದಿ,
ಮಾತಿನಲ್ಲಿ ಅಷ್ಟೂ ಸಿಗದೇ?

‘ಹೊಲವಾದರೆ ಕಪ್ಪು, ಗಾಳವಾದರೆ ಹುಳ, ತಲೆಯಾದರೆ ನೀರು’
ಒಯ್ದವನು ಬಂದೇನವಾಜ.
ಪಾಳಿ ಮುಗಿಸಿ ಬಂದು, ಲೈಟು ಬಿಚ್ಚುವ ಮೊದಲೇ
“ಎರಿ!”
“ಎರಿ ಅಲ್ಲೋ, ಎರೆ.”
“ಪೇಪರಿನವರ ಹೊಲ ಎರೆ ಇದ್ದೀತು. ನಮ್ಮದು ಎರಿ.”
ಒಂದು ಗುಡಿಸಿಗಾಗಿ ಜಗಳ ವಾರ ನಡೆಯಿತು,
ಆಮೇಲೆ ಅದನ್ನೂ ಗುಡಿಸಿ ಹಾಕಿದೆವು.

ಹುಸೇನಪ್ಪ ಹೆಬ್ಬೆಟ್ಟಿನವನು.
ಅಕ್ಷರವನ್ನು ಬೆರಳಲ್ಲಿ ಎಣಿಸುತ್ತಾನೆ, ತತ್ತಿ ಎಣಿಸಿದ ಹಾಗೆ.
ಒಂದು ಸೋಮವಾರ ಅವನಿಗೆ ಕೊಟ್ಟದ್ದು:
‘ನೀರು ಮಾಡಿದ್ದು ಒಲೆಯ ಮೇಲೆ,
ಶೂರ ಮಾಡಿದ್ದು ರಣದಲ್ಲಿ,
ಅವ್ವ ಮಾಡಿದ್ದು ಬಾಗಿಲಲ್ಲಿ. ಮೂರಕ್ಷರ.’
ನಕ್ಕ. ಬಾಯಿಪಾಠ ಮಾಡಿಕೊಂಡು ಇಳಿದ.

ಎರಡು ಗಂಟೆಗೆ ಪಾಳಿ ಬಿಟ್ಟಿತು.
ಬಿಲ್ಲೆಗಳು ಒಂದೊಂದಾಗಿ ಗೋಡೆ ಬಿಟ್ಟವು,
೨೧೪ ಬಿಟ್ಟು.
ಕೆಳಗೆ ಹಾದಿಗೆ ಕಲ್ಲು ಜರಿದಿದೆ, ತೆಗೆಸುತ್ತಿದ್ದೇವೆ ಎಂದರು,
ಫೋನಿಟ್ಟರು.

ಪೆನ್ನಿನ ಟೊಪ್ಪಿಗೆ ತೆಗೆದೆ, ಹಾಕಿದೆ.
ಚಹಾ ಆರಿತು. ಗಂಟೆಯೂ ಆರು.
ಅವತ್ತು ಬಂದವರೆಲ್ಲ ಸುಳಿವು ಕೇಳಿದರು,
ಪದಬಂಧದ್ದಲ್ಲ.
ಗೋಡೆಯ ತುಂಬ ಎರಡನೇ ಪಾಳಿಯ ಬಿಲ್ಲೆಗಳು ಹೊಳೆಯುತ್ತಿದ್ದರೂ
ನನಗೆ ಒಂದೇ ಕಾಣುತ್ತಿತ್ತು.

ಏಳಕ್ಕೆ ಹತ್ತು ನಿಮಿಷ ಇರುವಾಗ ಪಂಜರ ಮೇಲೆ ಬಂತು.
ಮೈಯೆಲ್ಲ ಬೂದು, ಒಂದು ಕಾಲಿಗೆ ಬೂಟಿಲ್ಲ.
ಲೈಟು ಕಟ್ಟೆಯ ಮೇಲಿಟ್ಟ.
“ಬಂತೇನೋ?” ಅಂದೆ,
ಏನು ಬಂತೇನೋ ಅಂದೆ ಎಂದು ನನಗೇ ತಿಳಿಯದೆ.
ಹುಸೇನಪ್ಪ ಬೆರಳು ಮಡಚಿದ, ಒಂದು, ಎರಡು, ಮೂರು.
“ಇಷ್ಟೊತ್ತನ ನೀವು ಮಾಡಿದ್ರಿ ನೋಡ್ರಿ, ಅದಾ.”

ಬಿಲ್ಲೆ ತೆಗೆದು ಅವನ ಅಂಗೈಗಿಟ್ಟೆ. ಬೆಚ್ಚಗಿತ್ತು,
ಬಿಲ್ಲೆಯೋ ಅಂಗೈಯೋ.
ಬರೆದುಬಿಡೋಣವೆಂದು ತಿರುಗಿದರೆ ಪೇಪರಿಲ್ಲ.
ಬಂದೇನವಾಜ ಅದರಲ್ಲೇ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ.
ಎಣ್ಣೆ ಕುಡಿದು ಚೌಕಗಳು ತಿಳಿಯಾಗಿ
ಹಿಂದಿನ ಪುಟದ ಟ್ರ್ಯಾಕ್ಟರ್ ಜಾಹೀರಾತು ಈಚೆಗೆ ಮೂಡಿತ್ತು,
ಅಕ್ಷರವೆಲ್ಲ ಉಲ್ಟಾ,
ಒಂದರ ಮೇಲೊಂದು.

ಹುಸೇನಪ್ಪ ಅದನ್ನು ಬಲ್ಬಿಗೆ ಹಿಡಿದು ಬಹಳ ಹೊತ್ತು ನೋಡಿದ.
“ನನಗ ದಿನಾ ಹಿಂಗ ಕಾಣತದ್ರಿ,” ಅಂದ.