ಏಳನೆಯ ಸಬ್ಜೆಕ್ಟ್

ಒಪ್ಪಿಗೆ ಪತ್ರ ನಾಲ್ಕು ಭಾಷೆಯಲ್ಲಿದೆ,
ಅರಬಿ, ಇಂಗ್ಲಿಷ್, ಉರ್ದು, ಮಲಯಾಳ.
ನಾಲ್ಕನ್ನೂ ತಿರುವಿ ನೋಡಿ
‘ನೀನ ಓದಿ ಹೇಳವಾ ತಂಗಿ’ ಅಂದರು ಏಳನೆಯವರು.
ಹೆಸರು ಬರೆಯುವಂತಿಲ್ಲ, ನಿಯಮ.
ಫೈಲಿನಲ್ಲಿ ಅವರು ಎಸ್-ಸೊನ್ನೆ-ಏಳು.
ಎಡಗಾಲು, ಮೊಣಕಾಲಿನ ಕೆಳಗೆ. ಕಾರಣ: ಕ್ರೇನು.

ನನ್ನದು ಉಪ್ಪಿನಂಗಡಿ ಶಾಲೆಯ ಕನ್ನಡ,
ಮನೆಯಲ್ಲಿ ಬ್ಯಾರಿ, ಲ್ಯಾಬಿನಲ್ಲಿ ಇಂಗ್ಲಿಷ್.
ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದವಳಂತೆ
‘ಸ್ವಇಚ್ಛೆಯಿಂದ’ ಎಂದೆ, ‘ಅಪಾಯ ಕನಿಷ್ಠ’ ಎಂದೆ,
‘ಯಾವ ಕ್ಷಣದಲ್ಲೂ ಹಿಂದೆ ಸರಿಯಬಹುದು’ ಎಂದೆ.
ಶಹಾಪುರದವರು ನಕ್ಕರು:
‘ಒಂದ್ ಕಾಲಾಗ ಹಿಂದ ಸರಿಯಾದು ತ್ರಾಸ ಅದ.’

ಮೂರನೆಯ ವರ್ಷ ನನಗೆ, ಶಾರ್ಜಾದಲ್ಲಿ.
ನನ್ನ ವೀಸಾ ಯೂನಿವರ್ಸಿಟಿಯ ಹೆಸರಲ್ಲಿ,
ನನ್ನ ಸ್ಟೈಪೆಂಡು ಡಾಕ್ಟರ್ ನಿಜಾರರ ಗ್ರಾಂಟಿನ ಹೆಸರಲ್ಲಿ,
ಗ್ರಾಂಟು ಒಂದು ಪ್ರಶ್ನೆಯ ಹೆಸರಲ್ಲಿ:
ಕೃತಕ ಕಾಲಿನ ಬಟ್ಟಲೊಳಗೆ
ಬೆವರು ಎಷ್ಟು?

ಪಕ್ಕದ ಬೆಂಚಿನಲ್ಲಿ ಇಸ್ರಾಳ ಜೆಲ್ ಮತ್ತೆ ಹಾಳಾಗಿದೆ.
ಒಮ್ದುರ್ಮಾನಿಗೆ ಫೋನು ಹತ್ತದೆ ಒಂಬತ್ತು ದಿನ.
ಸೆಂಟ್ರಿಫ್ಯೂಜ್ ಹಾಕಿ ಅದರ ಮಗ್ಗುಲಲ್ಲೇ ಅಳುತ್ತಾಳೆ,
ಆ ಸದ್ದಿನಲ್ಲಿ ಕೇಳಿಸದು ಎಂದು.
ಕೇಳಿಸುತ್ತದೆ.
ನಾವು ಪಿಪೆಟ್ಟಿನ ತುದಿಗಳನ್ನು ಪೆಟ್ಟಿಗೆಗೆ ಜೋಡಿಸುತ್ತೇವೆ,
ತೊಂಬತ್ತಾರು, ಒಂದೊಂದಾಗಿ.

ಲ್ಯಾಬು ಇಪ್ಪತ್ತೊಂದು ಡಿಗ್ರಿ.
ಮೈಗೆಲ್ಲ ಹೊಳೆವ ಗುಂಡು ಅಂಟಿಸಿಕೊಂಡು
‘ಮದುಮಗನ್ನ ಮಾಡೀದಿ ನೋಡು’ ಎನ್ನುತ್ತ
ಟ್ರೆಡ್‌ಮಿಲ್ಲಿನ ಮೇಲೆ ಇಪ್ಪತ್ತು ನಿಮಿಷ ನಡೆದರು.
ಪರದೆಯ ಗೆರೆ ಮಲಗಿದ್ದು ಏಳಲಿಲ್ಲ.
ಒಂದರಿಂದ ಆರರವರೆಗೂ ಹೀಗೇ.
‘ಈ ಥಂಡಿಯಾಗ ಎಲ್ಲಿಂದ ಬರಬೇಕು ಬೆವರು?
ಹೊರಗ ನಡಸು.’

ಹೊರಗೆ ನಡೆಸುವಂತಿಲ್ಲ.
ಎಥಿಕ್ಸ್ ಸಮಿತಿ ಎರಡು ಸಲ ಬರೆದಿದೆ,
ಆಗಸ್ಟಿನ ನಲವತ್ತೈದು ಡಿಗ್ರಿಯಲ್ಲಿ
ಮನುಷ್ಯರನ್ನು ನಡೆಸುವುದು ಅಪಾಯವೆಂದು.
ಸರಿಯಾದ ಮಾತೇ.
ಸೆನ್ಸರು ಬಿಚ್ಚಿದೆ. ಐವತ್ತು ದಿರ್ಹಮಿನ ಕೂಪನ್ನು ಜೇಬಿಗಿಟ್ಟು
‘ನಿನಗ ಎಷ್ಟು ಮಾರ್ಕ್ಸ್ ಬಂದ್ವು ಇದರಾಗ?’ ಎಂದು ಕೇಳಿ
ಬಸ್ಸಿಗೆ ಹೊರಟರು, ನಲವತ್ತೈದು ಡಿಗ್ರಿಯಲ್ಲಿ,
ಯಾವ ಸಮಿತಿಯನ್ನೂ ಕೇಳದೆ.

ನಾನೂ ಹೋದೆ ಜೊತೆಗೆ, ಸುಮ್ಮನೆ ಮಾತಿಗೆ.
ಗೇಟು ದಾಟಿ, ಗಾಫ್ ಮರದ ಪುಡಿ ನೆರಳು ದಾಟಿ.
ಈಗ ಗೋಡೌನಿನಲ್ಲಿ ಗೇಟ್‌ಪಾಸ್ ಬರೆಯುತ್ತಾರಂತೆ.
ರಾತ್ರಿ ಇಲ್ಲದ ಹೆಬ್ಬೆರಳು ತುರಿಸುತ್ತದಂತೆ,
‘ಇದ್ದದ್ದನ್ನ ತುರಿಸಿ ಸಮಾಧಾನ ಮಾಡ್ತೀನಿ,
ಅಣ್ತಮ್ಮ ಅಲ್ಲೇನು.’

ಏಸಿ ಶೆಲ್ಟರಿನ ಬಾಗಿಲು ಜಾರಿತು.
ಬೆಂಚಿಗೆ ಕೂತು, ಪ್ಯಾಂಟು ಮಡಚಿ,
ಗುಂಡಿ ಒತ್ತಿ ಕಾಲು ಕಳಚಿ ಪಕ್ಕಕ್ಕೆ ನಿಲ್ಲಿಸಿ,
ಸಿಲಿಕೋನಿನ ಚೀಲ ಸುಲಿದು,
ಯಾರೋ ಬಿಟ್ಟುಹೋದ ಚಹಾದ ಕಾಗದದ ಲೋಟಕ್ಕೆ ಬಗ್ಗಿಸಿದರು.
ಎರಡು ಚಮಚ. ಅಥವಾ ಒಂದಿಷ್ಟು ಹೆಚ್ಚು.
ಇಪ್ಪತ್ತು ನಿಮಿಷ, ಟ್ರೆಡ್‌ಮಿಲ್ಲಿನಷ್ಟೇ;
ಗಡಿಯಾರ ನೋಡಿದ್ದು ನನ್ನ ತಪ್ಪು.

ಮೂರು ವರ್ಷದ ಪ್ರಶ್ನೆಗೆ ಉತ್ತರ
ಕಂದು ಉಂಗುರದ ಕೆಳಗೆ ಅಲುಗುತ್ತಿತ್ತು.
‘ಬರಕೋ’ ಎಂದರು.
‘ಆಗುವುದಿಲ್ಲ.’
‘ನಾ ಒಪ್ಪೀನಿ ಅಂದ್ರೂ?’
‘ಒಪ್ಪಿದರೂ.’
ಹೊರಗೊಂದು ಬೇವಿನ ಸಸಿ, ಅದರ ಬುಡಕ್ಕೆ ಲೋಟ ಒಯ್ದವರು
‘ಉಪ್ಪದ, ಸತ್ತುಹೋಗ್ತದ ಪಾಪ’ ಎಂದು ಕೈ ತಿರುಗಿಸಿ
ಕಾಂಕ್ರೀಟಿಗೆ ಸುರಿದರು, ಬಾಗಿಲ ಚೌಕಟ್ಟಿಗೆ ಆತು,
ಒಂಟಿಗಾಲಲ್ಲಿ.
ಒಣಗುವುದನ್ನು ಇಬ್ಬರೂ ನೋಡಿದೆವು.
ಬಸ್ಸಿಗಿಂತ ಮೊದಲೇ ಒಣಗಿತು.

ರಾತ್ರಿ ಸಮಿತಿಗೆ ಮೂರನೆಯ ಅರ್ಜಿ ತೆರೆದಿದ್ದೇನೆ.
‘ಅಪಾಯ, ವಿವರಿಸಿ’ ಎಂಬ ಖಾನೆ.
‘ಅವರು ಹೇಗೂ ನಡೆಯುತ್ತಾರೆ’ ಎಂದು ಕನ್ನಡದಲ್ಲಿ ಬರೆದೆ,
ಅಳಿಸಿದೆ.
ಕಾರಿಡಾರಿನಲ್ಲಿ ಇಸ್ರಾ ಕೂಗುತ್ತಿದ್ದಾಳೆ:
ಅಲೋ, ಅಲೋ.
ಹತ್ತಿದೆ.